ಗಾಲಿಕುರ್ಚಿ ಕೊಟ್ಟ ಮೇಲೆ ಮುಂದೇನು? ಮೈಸೂರಿನ ವಿಕಲಚೇತನರ ವ್ಯಾಯಾಮ ಮತ್ತು ಆರೋಗ್ಯ

ಕೃತಕ ಕಾಲು ಜೋಡಣೆ, ಗಾಲಿಕುರ್ಚಿ ಮತ್ತು ಶ್ರವಣಸಾಧನಗಳ ವಿತರಣೆ ಜೈನ ಸಮಾಜದ ಸೇವಾಕಾರ್ಯಗಳಲ್ಲಿ ಬಹುಕಾಲದಿಂದ ಮುಂಚೂಣಿಯಲ್ಲಿವೆ. ಮಹಾವೀರ ಜಯಂತಿ, ಚಾತುರ್ಮಾಸದಂತಹ ಸಂದರ್ಭಗಳಲ್ಲಿ ಊರೂರಿನ ಸಂಘಟನೆಗಳು ಇಂತಹ ಶಿಬಿರಗಳನ್ನು ನಡೆಸುತ್ತವೆ. ಶಿಬಿರದ ದಿನ ಸಾಧನ ಪಡೆದವರು ಸಂತೋಷದಿಂದ ಮನೆಗೆ ಮರಳುತ್ತಾರೆ. ಆದರೆ ಮರುದಿನ ಬೆಳಿಗ್ಗೆ ಅದೇ ವ್ಯಕ್ತಿ ಅಕ್ಕಪಕ್ಕದವರಂತೆ ವಾಯುವಿಹಾರಕ್ಕೆ ಹೊರಡಬೇಕೆಂದರೆ, ಯೋಗ ತರಗತಿಗೆ ಸೇರಬೇಕೆಂದರೆ, ಸಮುದಾಯ ಭವನದ ಉಚಿತ ಆರೋಗ್ಯ ತಪಾಸಣೆಗೆ ಬರಬೇಕೆಂದರೆ ಬಾಗಿಲಲ್ಲೇ ಮೂರು ಮೆಟ್ಟಿಲು ಅಡ್ಡ ನಿಲ್ಲುತ್ತವೆ.

ಸಾಧನ ಒಂದು ದಿನದ ದಾನ. ಆರೋಗ್ಯ ದಿನದಿನದ ಕೆಲಸ. ಆ ಕೆಲಸಕ್ಕೆ ಬೇಕಾದದ್ದು ಒಳಗೆ ಬರಬಹುದಾದ ಒಂದು ಜಾಗ, ತಿಳಿವಳಿಕೆಯುಳ್ಳ ಒಬ್ಬ ಶಿಕ್ಷಕ ಮತ್ತು ತಪ್ಪದೆ ನಡೆಯುವ ಒಂದು ವೇಳೆ. ಯೋಗಕ್ಕೂ ವಿಕಲಚೇತನರ ಶಿಕ್ಷಣಕ್ಕೂ ಹೆಸರಾದ ಮೈಸೂರಿನಲ್ಲಿ ಈ ಮೂರನ್ನೂ ಒಂದೆಡೆ ಸೇರಿಸುವುದು ಹೇಗೆ ಎಂಬುದನ್ನು ಈ ಲೇಖನ ವಿವರಿಸುತ್ತದೆ.

ವ್ಯಾಯಾಮ ಯಾರಿಗೆ ಹೆಚ್ಚು ಅಗತ್ಯ?

2011ರ ಜನಗಣತಿಯಂತೆ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದಾರೆ. ಆಗ ಎಣಿಕೆಗೆ ಬಂದದ್ದು ಕೆಲವೇ ಬಗೆಯ ವೈಕಲ್ಯಗಳು. 2016ರ ಕಾಯಿದೆ 21 ಬಗೆಗಳನ್ನು ಗುರುತಿಸಿದೆ.

ಅಂಗವೈಕಲ್ಯ ಇರುವವರು ವಿಶ್ರಾಂತಿಯಲ್ಲಿರಬೇಕು, ಅವರಿಗೆ ಶ್ರಮ ಕೊಡಬಾರದು ಎಂಬ ಭಾವನೆ ಮನೆಗಳಲ್ಲಿ ಸಾಮಾನ್ಯ. ಪ್ರೀತಿಯಿಂದ ಹುಟ್ಟಿದ ಈ ಭಾವನೆಯೇ ಎಷ್ಟೋ ಸಲ ಹಾನಿ ಮಾಡುತ್ತದೆ. ದಿನವಿಡೀ ಕುಳಿತೇ ಇರುವವರಿಗೆ ತೂಕ, ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದ ಅಪಾಯ ಹೆಚ್ಚು. ಭಾರ ಹೊರದ ಕಾಲಿನ ಮೂಳೆ ಸವೆಯುತ್ತದೆ, ಕೀಲುಗಳು ಬಿಗಿಯುತ್ತವೆ. ಸ್ಪರ್ಶಜ್ಞಾನ ಇಲ್ಲದ ಭಾಗದಲ್ಲಿ ಒತ್ತಡದ ಹುಣ್ಣು ಎದ್ದರೆ ನೋವೇ ತಿಳಿಯುವುದಿಲ್ಲ. ತಿಳಿಯುವ ಹೊತ್ತಿಗೆ ಹುಣ್ಣು ಆಳಕ್ಕೆ ಇಳಿದು ಜೀವಕ್ಕೇ ಅಪಾಯ ತರಬಹುದು. ಗಾಲಿಕುರ್ಚಿ ತಳ್ಳಿಕೊಂಡು ಓಡಾಡುವವರ ಭುಜ ಹತ್ತಾರು ವರ್ಷ ಕಾಲಿನ ಕೆಲಸವನ್ನೂ ಮಾಡಿ ದಣಿಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ದೈಹಿಕ ಚಟುವಟಿಕೆಯ ಮಾರ್ಗಸೂಚಿಯಲ್ಲಿ ವಿಕಲಚೇತನರಿಗಾಗಿಯೇ ಸಲಹೆಗಳಿವೆ. ಅದರಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಮತ್ತು ಕನಿಷ್ಠ 2 ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಬೇಕು. ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ. ಎಲ್ಲರಿಗೂ ಹೇಳುವ ಪ್ರಮಾಣವೇ ಇದು. ವಿಕಲಚೇತನರಿಗೆ ರಿಯಾಯಿತಿ ಇಲ್ಲ. ಪೂರ್ತಿ ಆಗದಿದ್ದರೆ ಆದಷ್ಟು ಮಾಡಿ, ನಿಧಾನವಾಗಿ ಹೆಚ್ಚಿಸಿ ಎಂಬುದೂ ಅದೇ ಮಾರ್ಗಸೂಚಿಯ ಮಾತು. ಇದೇ ಸಂಸ್ಥೆಯ 2022ರ ವರದಿಯ ಪ್ರಕಾರ ಕೆಲವು ವಿಕಲಚೇತನರು ಇತರರಿಗಿಂತ 20 ವರ್ಷಗಳಷ್ಟು ಮೊದಲೇ ಸಾಯುತ್ತಾರೆ. ಇದಕ್ಕೆ ವೈಕಲ್ಯವೊಂದೇ ಕಾರಣವಲ್ಲ. ಆರೋಗ್ಯ ಸೇವೆ ಕೈಗೆಟುಕದಿರುವುದೂ ದೊಡ್ಡ ಕಾರಣ.

ಪೋಲಿಯೊ ಪೀಡಿತರ ವಿಷಯವನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕು. ಭಾರತದಲ್ಲಿ ಕೊನೆಯ ನೈಸರ್ಗಿಕ ಪೋಲಿಯೊ ಪ್ರಕರಣ ಕಂಡದ್ದು 2011ರ ಜನವರಿ 13ರಂದು. ರೋಗ ಹೋಯಿತು, ರೋಗಕ್ಕೆ ತುತ್ತಾದವರು ನಮ್ಮ ನಡುವೆ ಇದ್ದಾರೆ. ಅವರಲ್ಲಿ ಬಹಳಷ್ಟು ಜನ ಈಗ ನಡುವಯಸ್ಸು ದಾಟುತ್ತಿದ್ದಾರೆ. ಇಷ್ಟು ವರ್ಷ ಕ್ಯಾಲಿಪರ್ ಕಟ್ಟಿಕೊಂಡು ಅಂಗಡಿ, ಕಚೇರಿ ನಡೆಸಿದವರಿಗೆ ಈಗ ಹೊಸ ದಣಿವು, ಹೊಸ ಸ್ನಾಯು ದೌರ್ಬಲ್ಯ ಕಾಣಿಸಿಕೊಳ್ಳಬಹುದು. ಅದನ್ನು ಸೋಮಾರಿತನ ಎಂದುಕೊಳ್ಳದೆ ವೈದ್ಯರಿಗೆ ತೋರಿಸಬೇಕು.

ಜೈಪುರ ಪಾದ ಕಲಿಸುವ ಪಾಠ

1960ರ ದಶಕದ ಕೊನೆಯಲ್ಲಿ ಜೈಪುರದ ಸವಾಯಿ ಮಾನಸಿಂಗ್ ಆಸ್ಪತ್ರೆಯಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾ. ಪಿ.ಕೆ. ಸೇಠಿ ಅವರ ತಂಡ ಜೈಪುರ ಪಾದವನ್ನು ರೂಪಿಸಿತು. ಅದುವರೆಗಿನ ವಿದೇಶಿ ಮಾದರಿಯ ಕೃತಕ ಕಾಲಿಗೆ ಬೂಟು ಬೇಕಿತ್ತು. ಅದನ್ನು ಹಾಕಿಕೊಂಡು ಚಕ್ಕಳಮಕ್ಕಳ ಹಾಕಿ ಕೂರಲು, ಕುಕ್ಕರಗಾಲಲ್ಲಿ ಕುಳಿತೇಳಲು, ಕೆಸರುಗದ್ದೆಯಲ್ಲಿ ನಡೆಯಲು ಆಗುತ್ತಿರಲಿಲ್ಲ. ಬರಿಗಾಲಲ್ಲಿ ನಡೆಯುವ, ನೆಲದ ಮೇಲೆ ಕೂರುವ, ದೇವಾಲಯದ ಹೊರಗೆ ಪಾದರಕ್ಷೆ ಬಿಡುವ ಜನರಿಗೆ ಏನು ಬೇಕು ಎಂದು ಯೋಚಿಸಿ ಜೈಪುರ ಪಾದವನ್ನು ಮಾಡಲಾಯಿತು. ಡಾ. ಸೇಠಿ ಅವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ಅದನ್ನು ಬಡವರ ಬಳಿಗೆ ಒಯ್ದದ್ದು 1975ರಲ್ಲಿ ಡಿ.ಆರ್. ಮೆಹ್ತಾ ಅವರು ಸ್ಥಾಪಿಸಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ. ಭಗವಾನ್ ಮಹಾವೀರರ 2500ನೇ ನಿರ್ವಾಣ ಮಹೋತ್ಸವದ ಕಾಲದಲ್ಲಿ ಹುಟ್ಟಿದ ಈ ಸಂಸ್ಥೆ ಲಕ್ಷಾಂತರ ಜನರಿಗೆ ಕೃತಕ ಕಾಲು ಹಾಗೂ ಇತರ ಸಾಧನಗಳನ್ನು ಉಚಿತವಾಗಿ ನೀಡಿದೆ.

ಕಾಲು ತಯಾರಿಸುವವರು ಮೊದಲು ಧರಿಸುವವರ ಬದುಕನ್ನು ನೋಡಿದರು. ಜೈಪುರ ಪಾದ ಯಶಸ್ವಿಯಾದದ್ದು ಇದರಿಂದ. ವ್ಯಾಯಾಮ ಮತ್ತು ಆರೋಗ್ಯ ಕಾರ್ಯಕ್ರಮಗಳಿಗೂ ಈ ಕ್ರಮವೇ ಸರಿ. ಏನು ಬೇಕು ಎಂದು ಮೊದಲು ಕೇಳುವುದು, ಆಮೇಲೆ ಏರ್ಪಡಿಸುವುದು.

ಮೈಸೂರಿನಲ್ಲಿ ಏನೇನಿದೆ?

ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1960ರ ದಶಕದ ಮಧ್ಯಭಾಗದಿಂದ ಕೆಲಸ ಮಾಡುತ್ತಿರುವ ಕೇಂದ್ರ ಸರ್ಕಾರದ ಸಂಸ್ಥೆ. ಕಿವಿ ಕೇಳದವರು, ಮಾತು ತಡವಾದ ಮಕ್ಕಳು, ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರು ಇಲ್ಲಿಗೆ ದೇಶದ ನಾನಾ ಕಡೆಗಳಿಂದ ಬರುತ್ತಾರೆ. ತಿಲಕ್ ನಗರದ ಸರ್ಕಾರಿ ಅಂಧ ಹಾಗೂ ಕಿವುಡ ಮಕ್ಕಳ ಶಾಲೆಗಳಿಗೆ ಶತಮಾನಕ್ಕೂ ಮೀರಿದ ಇತಿಹಾಸವಿದೆ. ಜೆಎಸ್ಎಸ್ ಮಹಾವಿದ್ಯಾಪೀಠ ವಿಕಲಚೇತನರಿಗಾಗಿಯೇ ಪಾಲಿಟೆಕ್ನಿಕ್ ನಡೆಸುತ್ತಿದೆ. ಅದರ ಫಿಸಿಯೋಥೆರಪಿ ಕಾಲೇಜೂ ಇದೇ ನಗರದಲ್ಲಿದೆ. ಚಾಮುಂಡಿ ವಿಹಾರ ಕ್ರೀಡಾಂಗಣ, ಕುಕ್ಕರಹಳ್ಳಿ ಕೆರೆಯ ದಂಡೆ, ಬಡಾವಣೆಗೊಂದರಂತೆ ಉದ್ಯಾನಗಳಿವೆ.

ಹೀಗೆ ಒಂದು ಕಡೆ ತಜ್ಞರಿದ್ದಾರೆ, ಇನ್ನೊಂದು ಕಡೆ ಜಾಗವಿದೆ. ಚಿಕಿತ್ಸೆ ಮುಗಿದ ವ್ಯಕ್ತಿ ಆಸ್ಪತ್ರೆಯಿಂದ ಬಡಾವಣೆಗೆ ಮರಳಿದಾಗ ಇವೆರಡರ ನಡುವಿನ ಸೇತುವೆ ಕಾಣುವುದಿಲ್ಲ. ಫಿಸಿಯೋಥೆರಪಿ ಒಂದು ಚಿಕಿತ್ಸೆ, ಸಾಮಾನ್ಯವಾಗಿ ಅದಕ್ಕೊಂದು ಕೊನೆಯ ದಿನವಿರುತ್ತದೆ. ಅಲ್ಲಿಂದ ಮುಂದೆ ಜೀವನಪೂರ್ತಿ ನಡೆಯಬೇಕಾದದ್ದು ವ್ಯಾಯಾಮ. ಅದು ಮನೆಯ ಹತ್ತಿರ, ನಾಲ್ಕು ಜನರ ಜೊತೆ ನಡೆದರೆ ಮಾತ್ರ ಉಳಿಯುತ್ತದೆ.

ಕ್ರೀಡೆಯಲ್ಲಿ ಎತ್ತರಕ್ಕೆ ಏರಿದವರ ಉದಾಹರಣೆಗಳು ಹತ್ತಿರದಲ್ಲೇ ಇವೆ. ನೆರೆಯ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನ ಎತ್ತರ ಜಿಗಿತದಲ್ಲಿ 1.74 ಮೀಟರ್ ಹಾರಿ ಬೆಳ್ಳಿ ಗೆದ್ದರು. ಆ ವರ್ಷ ಭಾರತಕ್ಕೆ ಬಂದ ಏಕೈಕ ಪದಕ ಅದು. ಹಾಸನದಲ್ಲಿ ಹುಟ್ಟಿದ ಐಎಎಸ್ ಅಧಿಕಾರಿ ಸುಹಾಸ್ ಯತಿರಾಜ್ ಟೋಕಿಯೊ ಮತ್ತು ಪ್ಯಾರಿಸ್ ಎರಡೂ ಪ್ಯಾರಾಲಿಂಪಿಕ್ಸ್‌ಗಳ ಬ್ಯಾಡ್ಮಿಂಟನ್‌ನಲ್ಲಿ ಬೆಳ್ಳಿ ಪಡೆದರು. ಇವರು ಎಲ್ಲರಿಗೂ ಹೆಮ್ಮೆ. ಆದರೆ ಪದಕದ ಆಸೆಯಿಲ್ಲದ, ಸುಮ್ಮನೆ ಆರೋಗ್ಯವಾಗಿರಲು ಬಯಸುವ ಗೃಹಿಣಿ, ವ್ಯಾಪಾರಿ ಮತ್ತು ಹಿರಿಯರಿಗೂ ಜಾಗ ಬೇಕು.

ಅಡ್ಡಿ ಎಲ್ಲಿದೆ?

ಮೊದಲನೆಯದು ಕಟ್ಟಡ. ಇಳಿಜಾರು ದಾರಿ, ಅಂದರೆ ರ‍್ಯಾಂಪ್, ಇದೆ ಎಂದರೆ ಸಾಲದು. ಅದು ಹತ್ತಬಹುದಾದ ರ‍್ಯಾಂಪ್ ಆಗಿರಬೇಕು. ಒಪ್ಪಿತ ಅಳತೆ 1:12. ಅಂದರೆ 1 ಅಡಿ ಎತ್ತರಕ್ಕೆ 12 ಅಡಿ ಉದ್ದ. ತಲಾ 15 ಸೆಂ.ಮೀ. ಎತ್ತರದ 3 ಮೆಟ್ಟಿಲುಗಳಿದ್ದರೆ ಒಟ್ಟು ಎತ್ತರ 45 ಸೆಂ.ಮೀ. ಅದಕ್ಕೆ 5.4 ಮೀಟರ್ ಉದ್ದದ ರ‍್ಯಾಂಪ್ ಬೇಕು. ಹಲವೆಡೆ ಬೈಕ್ ಹತ್ತಿಸಲು ಹಾಕಿದ ಕಡಿದಾದ ಕಾಂಕ್ರೀಟ್ ತುಂಡನ್ನೇ ರ‍್ಯಾಂಪ್ ಎನ್ನುತ್ತಾರೆ. ಅದರ ಮೇಲೆ ಗಾಲಿಕುರ್ಚಿ ಹಿಂದಕ್ಕೆ ಮಗುಚುವ ಅಪಾಯವಿದೆ. ಬಾಗಿಲು ಕನಿಷ್ಠ 90 ಸೆಂ.ಮೀ. ಅಗಲವಿರಬೇಕು. ಗಾಲಿಕುರ್ಚಿ ಪೂರ್ತಿ ತಿರುಗಲು 1.5 ಮೀಟರ್ ಅಗಲದ ಜಾಗ ಬೇಕು. ಉದ್ಯಾನಗಳಲ್ಲಿ ಬೈಕ್ ಮತ್ತು ದನ ಬಾರದಂತೆ ಹಾಕುವ ಕಬ್ಬಿಣದ ತಡೆ ಗಾಲಿಕುರ್ಚಿಯನ್ನೂ ಹೊರಗೇ ನಿಲ್ಲಿಸುತ್ತದೆ.

ಎರಡನೆಯದು ಶೌಚಾಲಯ. ಬಳಸಬಹುದಾದ ಶೌಚಾಲಯ ಇಲ್ಲದ ಕಡೆಗೆ ಹೋಗಬೇಕಾದರೆ ಅನೇಕರು, ಅದರಲ್ಲೂ ಹೆಣ್ಣುಮಕ್ಕಳು, ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಆರೋಗ್ಯಕ್ಕೆಂದು ಬಂದು ಮೂತ್ರಕೋಶದ ಸೋಂಕು ಹಚ್ಚಿಕೊಂಡು ಹೋಗುವ ಸ್ಥಿತಿ ಇದು.

ಮೂರನೆಯದು ಶಿಕ್ಷಕರ ಹೆದರಿಕೆ. "ಏನಾದರೂ ಆದರೆ ಯಾರು ಹೊಣೆ?" ಎಂದು ತರಬೇತುದಾರರು ವಾಪಸು ಕಳಿಸುತ್ತಾರೆ. ದುರುದ್ದೇಶವಿಲ್ಲ, ತಿಳಿವಳಿಕೆ ಇಲ್ಲ. ಒಂದು ದಿನದ ತರಬೇತಿ ಈ ಹೆದರಿಕೆಯನ್ನು ಎಷ್ಟೋ ಕಡಿಮೆ ಮಾಡಬಲ್ಲದು.

ನಾಲ್ಕನೆಯದು ನೋಟ. ಎಲ್ಲರೂ ತಿರುಗಿ ನೋಡುವ, ಅಯ್ಯೋ ಎನ್ನುವ ಜಾಗಕ್ಕೆ ಎರಡನೇ ದಿನ ಯಾರೂ ಬರುವುದಿಲ್ಲ.

ಮೈಸೂರಿನ ಯೋಗ, ಕುರ್ಚಿಯ ಯೋಗ

2022ರ ಜೂನ್ 21ರಂದು ಅಂತರರಾಷ್ಟ್ರೀಯ ಯೋಗ ದಿನದ ರಾಷ್ಟ್ರೀಯ ಕಾರ್ಯಕ್ರಮ ನಡೆದದ್ದು ಮೈಸೂರು ಅರಮನೆಯ ಆವರಣದಲ್ಲಿ. ಮೈಸೂರಿನ ಯೋಗ ಎಂದೊಡನೆ ಕಷ್ಟದ ಆಸನಗಳು ನೆನಪಿಗೆ ಬರುತ್ತವೆ. ಆದರೆ ಅದರ ಇನ್ನೊಂದು ಮುಖವೂ ಇದೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಬಾಲ್ಯದಲ್ಲಿ ಕಾಯಿಲೆಗಳಿಂದ ಕೃಶರಾಗಿದ್ದರು. 1934ರಲ್ಲಿ ಮೈಸೂರಿಗೆ ಬಂದು, ಜಗನ್ಮೋಹನ ಅರಮನೆಯ ಯೋಗಶಾಲೆ ನಡೆಸುತ್ತಿದ್ದ ಭಾವ ತಿರುಮಲೈ ಕೃಷ್ಣಮಾಚಾರ್ಯರಲ್ಲಿ ಯೋಗ ಕಲಿತರು. ಮುಂದೆ ಪುಣೆಯಲ್ಲಿ ಕುರ್ಚಿ, ಹಗ್ಗ, ಪಟ್ಟಿ, ಮರದ ದಿಮ್ಮಿಗಳ ಆಸರೆಯಲ್ಲಿ ಆಸನ ಕಲಿಸುವ ಪದ್ಧತಿಯನ್ನು ಬೆಳೆಸಿದರು. ದೇಹವನ್ನು ಆಸನಕ್ಕೆ ಬಗ್ಗಿಸುವ ಬದಲು ಆಸನವನ್ನು ದೇಹಕ್ಕೆ ಹೊಂದಿಸುವ ಈ ದಾರಿ ವಿಕಲಚೇತನರಿಗೆ ಬಹಳ ಅನುಕೂಲ. ಕುರ್ಚಿಯಲ್ಲಿ ಕುಳಿತೇ ತೋಳು, ಬೆನ್ನು, ಕತ್ತಿನ ವ್ಯಾಯಾಮ ಮತ್ತು ಉಸಿರಾಟದ ಅಭ್ಯಾಸ ಮಾಡಬಹುದು.

ಜೈನ ಪರಂಪರೆಯಲ್ಲಿ ಇದಕ್ಕೆ ಇನ್ನೂ ಹಳೆಯ ಆಧಾರವಿದೆ. ಕಾಯೋತ್ಸರ್ಗ ಎಂದರೆ ನಿಂತ ಬಾಹುಬಲಿಯ ಭಂಗಿಯೇ ಕಣ್ಣ ಮುಂದೆ ಬರುತ್ತದೆ. ಆದರೆ ವಟ್ಟಕೇರಾಚಾರ್ಯರ ಮೂಲಾಚಾರ ಕಾಯೋತ್ಸರ್ಗದಲ್ಲಿ ನಾಲ್ಕು ಬಗೆ ಹೇಳುತ್ತದೆ. ನಿಂತಿದ್ದರೂ ಮನಸ್ಸು ಆರ್ತ, ರೌದ್ರ ಧ್ಯಾನದಲ್ಲಿದ್ದರೆ ಅವನು ಕುಳಿತವನೇ. ಕುಳಿತಿದ್ದರೂ ಧರ್ಮಧ್ಯಾನದಲ್ಲಿದ್ದರೆ ಅವನು ಎದ್ದು ನಿಂತವನೇ. ಗಾಲಿಕುರ್ಚಿಯಲ್ಲಿರುವ ಶ್ರಾವಕ, ಶ್ರಾವಿಕೆಯರಿಗೆ ಸಾಮಾಯಿಕ ಮತ್ತು ಧ್ಯಾನ ಶಿಬಿರಗಳಲ್ಲಿ ಜಾಗ ಕೊಡಲು ಇದಕ್ಕಿಂತ ಬೇರೆ ಸಮರ್ಥನೆ ಬೇಕಿಲ್ಲ.

ಯಾರಿಗೆ ಯಾವ ಎಚ್ಚರ?

ವ್ಯಾಯಾಮ ಆರಂಭಿಸುವ ಮುನ್ನ ಒಮ್ಮೆ ವೈದ್ಯರು ಅಥವಾ ಫಿಸಿಯೋಥೆರಪಿಸ್ಟ್ ನೋಡುವುದು ಒಳ್ಳೆಯದು. ಶಿಕ್ಷಕರು ತಿಳಿದಿರಬೇಕಾದ ಮುಖ್ಯ ಅಂಶಗಳು ಇವು:

- ಬೆನ್ನುಹುರಿಗೆ ಪೆಟ್ಟಾದವರು: ಕುಳಿತಲ್ಲೇ ಆಗಾಗ ಮೈ ಎತ್ತಿ ಅಥವಾ ಪಕ್ಕಕ್ಕೆ ವಾಲಿ ಒತ್ತಡ ಇಳಿಸಬೇಕು. ಕೆಲವರ ದೇಹ ಬೆವರಿ ತಣ್ಣಗಾಗುವುದಿಲ್ಲ, ಆದ್ದರಿಂದ ಬಿಸಿಲು ಬೇಡ. ಹಠಾತ್ ತಲೆನೋವು ಬಂದು ಮುಖ ಕೆಂಪೇರಿದರೆ ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು.
- ಕೃತಕ ಕಾಲು ಧರಿಸುವವರು: ವ್ಯಾಯಾಮದ ನಂತರ ಕಾಲನ್ನು ತೆಗೆದು ಚರ್ಮ ಕೆಂಪಾಗಿದೆಯೇ, ಉಜ್ಜಿದೆಯೇ ಎಂದು ನೋಡಬೇಕು.
- ಪೋಲಿಯೊ ಆದವರು: ದಣಿವಾಗುವ ಮೊದಲೇ ನಿಲ್ಲಿಸಬೇಕು. ಮರುದಿನವೂ ದಣಿವು ಉಳಿದರೆ ಪ್ರಮಾಣ ಹೆಚ್ಚಾಗಿದೆ ಎಂದರ್ಥ.
- ದೃಷ್ಟಿ ಇಲ್ಲದವರು: "ಹೀಗೆ ಮಾಡಿ" ಎಂದರೆ ತಿಳಿಯದು. "ಬಲಗೈಯನ್ನು ಭುಜದ ಎತ್ತರಕ್ಕೆ ಮುಂದೆ ಚಾಚಿ" ಎಂದು ಮಾತಿನಲ್ಲಿ ಬಿಡಿಸಿ ಹೇಳಬೇಕು. ಮುಟ್ಟುವ ಮುನ್ನ ಕೇಳಬೇಕು. ಸಾಮಾನುಗಳು ದಿನವೂ ಅದೇ ಜಾಗದಲ್ಲಿರಬೇಕು.
- ಕಿವಿ ಕೇಳದವರು: ಶಿಕ್ಷಕರು ಬೆಳಕಿನಲ್ಲಿ, ಮುಖ ಕಾಣುವಂತೆ ನಿಂತು ಮೊದಲು ಮಾಡಿ ತೋರಿಸಬೇಕು.
- ಡೌನ್ ಸಿಂಡ್ರೋಮ್ ಇರುವ ಮಕ್ಕಳು: ಕೆಲವರ ಕತ್ತಿನ ಕೀಲು ಸಡಿಲ. ವೈದ್ಯರ ಒಪ್ಪಿಗೆ ಇಲ್ಲದೆ ಶೀರ್ಷಾಸನ, ಲಾಗ ಬೇಡ.
- ಬೌದ್ಧಿಕ ವೈಕಲ್ಯ, ಆಟಿಸಂ ಇರುವವರು: ಅದೇ ವೇಳೆ, ಅದೇ ಜಾಗ, ಅದೇ ಶಿಕ್ಷಕ. ಒಂದು ಸಲಕ್ಕೆ ಒಂದೇ ಸೂಚನೆ.

ಉಪವಾಸದ ವಿಷಯದಲ್ಲೂ ಎಚ್ಚರ ಬೇಕು. ದಶಲಕ್ಷಣ, ಪರ್ಯೂಷಣ ಪರ್ವಗಳಲ್ಲಿ ಅಥವಾ ಸೂರ್ಯಾಸ್ತದ ನಂತರ ಏನನ್ನೂ ಸೇವಿಸದ ನಿಯಮ ಪಾಲಿಸುವಾಗ ಮೂರ್ಛೆರೋಗದ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ತಾವಾಗಿಯೇ ಔಷಧ ಬಿಡಬಾರದು. ವೇಳೆ ಬದಲಿಸಬಹುದೇ ಎಂದು ವೈದ್ಯರನ್ನು ಮೊದಲೇ ಕೇಳಬೇಕು. ತೀರ್ಥಂಕರ ಪ್ರಕೃತಿಗೆ ಕಾರಣವೆನ್ನುವ 16 ಭಾವನೆಗಳಲ್ಲಿ ತಪಸ್ಸನ್ನು ಹೇಳಿರುವುದೇ 'ಶಕ್ತಿತಃ', ಅಂದರೆ ಶಕ್ತಿಗೆ ಅನುಸಾರವಾಗಿ ಎಂದು.

ಕಾನೂನು ಮತ್ತು ಸೌಲಭ್ಯಗಳು

ವಿಕಲಚೇತನರ ಹಕ್ಕುಗಳ ಕಾಯಿದೆ 2016, ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಅದರ 25ನೇ ಕಲಂ ಆಸ್ಪತ್ರೆಗಳ ಎಲ್ಲ ಭಾಗಗಳಿಗೂ ಅಡೆತಡೆಯಿಲ್ಲದ ಪ್ರವೇಶ ಮತ್ತು ಚಿಕಿತ್ಸೆಯಲ್ಲಿ ಆದ್ಯತೆಯನ್ನು ಹೇಳುತ್ತದೆ. 30ನೇ ಕಲಂ ಕ್ರೀಡೆಯಲ್ಲಿ ಭಾಗವಹಿಸಲು ಬೇಕಾದ ವ್ಯವಸ್ಥೆಯನ್ನು ಸರ್ಕಾರದ ಕರ್ತವ್ಯವಾಗಿಸುತ್ತದೆ. ಸುಗಮ್ಯತೆಯ ನಿಯಮಗಳನ್ನು ಪಾಲಿಸದ ಹೊಸ ಕಟ್ಟಡಕ್ಕೆ ಅನುಮತಿ ನೀಡಬಾರದು ಎಂಬುದು 44ನೇ ಕಲಂ. ಈ ನಿಯಮಗಳು ಬರಿಯ ಸಲಹೆಗಳಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು ಸರ್ವೋಚ್ಚ ನ್ಯಾಯಾಲಯ ರಾಜೀವ್ ರತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ತೀರ್ಪಿತ್ತಿತು. ದೂರುಗಳಿದ್ದರೆ ರಾಜ್ಯ ವಿಕಲಚೇತನರ ಆಯುಕ್ತರಿಗೆ ಸಲ್ಲಿಸಬಹುದು.

ಕುಟುಂಬಗಳು ಮೊದಲು ಮಾಡಿಸಬೇಕಾದದ್ದು ಯುಡಿಐಡಿ ಗುರುತಿನ ಚೀಟಿ. ಬಹುತೇಕ ಸೌಲಭ್ಯಗಳಿಗೆ ಶೇ. 40 ಅಥವಾ ಅದಕ್ಕೂ ಹೆಚ್ಚಿನ ವೈಕಲ್ಯದ ದೃಢೀಕರಣ ಬೇಕು. ಆಟಿಸಂ, ಮೆದುಳಿನ ಪಾರ್ಶ್ವವಾಯು, ಬೌದ್ಧಿಕ ವೈಕಲ್ಯ ಮತ್ತು ಬಹುವೈಕಲ್ಯ ಇರುವವರಿಗೆ ರಾಷ್ಟ್ರೀಯ ನ್ಯಾಸದ 'ನಿರಾಮಯ' ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂ.ವರೆಗೆ ರಕ್ಷಣೆ ಇದೆ. ಹೊರರೋಗಿ ಚಿಕಿತ್ಸೆ ಮತ್ತು ಥೆರಪಿ ವೆಚ್ಚಗಳೂ ಅದರಲ್ಲಿ ಸೇರಿವೆ. ಕೆಎಸ್ಆರ್‌ಟಿಸಿ ರಿಯಾಯಿತಿ ಬಸ್ ಪಾಸ್ ವಾಸಸ್ಥಳದಿಂದ 100 ಕಿ.ಮೀ. ವ್ಯಾಪ್ತಿಗೆ ಸಿಗುತ್ತದೆ. ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿವರ ಪಡೆಯಬಹುದು.

ಸಮಾಜ ಏನು ಮಾಡಬಹುದು?

ಬಸದಿ, ಸ್ಥಾನಕ, ವಿದ್ಯಾರ್ಥಿನಿಲಯ ಮತ್ತು ಸಮುದಾಯ ಭವನಗಳು ಜೈನ ಸಮಾಜದ ಬಳಿ ಈಗಾಗಲೇ ಇವೆ. ಅವುಗಳಲ್ಲಿ ನೆಲಮಹಡಿಯ ಒಂದು ಸಭಾಂಗಣ ಸಾಕು. ಆರಂಭಕ್ಕೆ ಈ ಕ್ರಮ ಅನುಸರಿಸಬಹುದು:

1. ಸಮಾಜದ ಮನೆಗಳಲ್ಲಿ ಮತ್ತು ಬಡಾವಣೆಯಲ್ಲಿ ಯಾರಿದ್ದಾರೆ, ಅವರಿಗೆ ಏನು ಬೇಕು, ಯಾವ ವೇಳೆ ಅನುಕೂಲ ಎಂದು ಅವರನ್ನೇ ಕೇಳುವುದು. ಮನೆಯವರ ಉತ್ತರವಷ್ಟೇ ಸಾಲದು.
2. ಗಾಲಿಕುರ್ಚಿ ಬಳಸುವ ಒಬ್ಬರನ್ನು ಕರೆತಂದು ಗೇಟಿನಿಂದ ಶೌಚಾಲಯದವರೆಗೆ ಅವರ ಜೊತೆ ಒಮ್ಮೆ ಸುತ್ತುವುದು. ಎಲ್ಲಿ ನಿಂತರೋ ಅಲ್ಲಿ ದುರಸ್ತಿ.
3. ಫಿಸಿಯೋಥೆರಪಿಸ್ಟ್ ಒಬ್ಬರಿಂದ ಪ್ರತಿಯೊಬ್ಬರ ಮೊದಲ ತಪಾಸಣೆ ಮತ್ತು ಯೋಗ ಶಿಕ್ಷಕರಿಗೆ ತರಬೇತಿ.
4. ವಾರಕ್ಕೆ 2 ದಿನ, ಒಂದು ಗಂಟೆ. ಕೈತೋಳಿಲ್ಲದ ಗಟ್ಟಿ ಕುರ್ಚಿ, ರಬ್ಬರ್ ಪಟ್ಟಿ, ಮರಳು ತುಂಬಿದ ಬಾಟಲಿ, ಚಾಪೆ ಇಷ್ಟಿದ್ದರೆ ಆರಂಭಿಸಬಹುದು.
5. ಬಸ್ ಹತ್ತಲಾಗದವರನ್ನು ಕರೆತರಲು ಯುವಕ ಮಂಡಲ, ಮಹಿಳಾ ಮಂಡಲಗಳಿಂದ ಸರದಿ ವ್ಯವಸ್ಥೆ. ಎಷ್ಟೋ ಕಾರ್ಯಕ್ರಮಗಳು ನಿಲ್ಲುವುದು ಈ ಹಂತದಲ್ಲೇ.
6. ಸಮಾಜದ ವಾರ್ಷಿಕ ಆರೋಗ್ಯ ಶಿಬಿರವೂ ಅದೇ ಸಭಾಂಗಣದಲ್ಲಿ. ಕುಳಿತೇ ತೂಕ ನೋಡಬಹುದಾದ ತಕ್ಕಡಿ, ಎತ್ತರ ತಗ್ಗಿಸಬಹುದಾದ ಮಂಚ ಇರಲಿ.
7. ನಡೆಸುವ ಸಮಿತಿಯಲ್ಲಿ ಕನಿಷ್ಠ ಇಬ್ಬರು ವಿಕಲಚೇತನರು ಇರಲಿ.

ಪ್ರತ್ಯೇಕ ತರಗತಿ ಎಂಬುದು ಆರಂಭ ಮಾತ್ರ. ಕೆಲವು ತಿಂಗಳ ನಂತರ ಅದೇ ಜನ ಎಲ್ಲರ ಯೋಗ ತರಗತಿಗೆ, ಎಲ್ಲರ ವಾಯುವಿಹಾರಕ್ಕೆ ಬರುವಂತಾದರೆ ಕೆಲಸ ಸಾರ್ಥಕ.

ವೈಯಾವೃತ್ಯದ ಅರ್ಥ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಔಷಧ ದಾನಕ್ಕೆ ಕನ್ನಡ ನಾಡಿನ ಜೈನರು ಕೊಟ್ಟ ಮಹತ್ವ ದೊಡ್ಡದು. ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕ, ಕೀರ್ತಿವರ್ಮನ ಗೋವೈದ್ಯ, ಮಂಗರಾಜನ ಖಗೇಂದ್ರಮಣಿದರ್ಪಣ ಅದಕ್ಕೆ ಸಾಕ್ಷಿ. ಅಂತರಂಗ ತಪಸ್ಸುಗಳಲ್ಲಿ ಒಂದಾದ ವೈಯಾವೃತ್ಯವೂ ರೋಗಿಗಳು ಮತ್ತು ದುರ್ಬಲರ ಶುಶ್ರೂಷೆಯೇ. ಸಮ್ಯಕ್ತ್ವದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆ, ಅಂದರೆ ದೇಹದ ಸ್ಥಿತಿಯನ್ನು ಕಂಡು ಅಸಹ್ಯಪಡದಿರುವುದು, ಮೂರನೆಯದು. ರೋಗಪೀಡಿತ ಮುನಿಯ ಸೇವೆ ಮಾಡಿದ ಉದ್ದಾಯನ ರಾಜನನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅದಕ್ಕೆ ಉದಾಹರಣೆಯಾಗಿ ಹೆಸರಿಸುತ್ತಾರೆ.

ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಸುಮಾರು 650 ಮೆಟ್ಟಿಲುಗಳಿವೆ. ನಡೆಯಲಾಗದವರನ್ನು ಡೋಲಿಯಲ್ಲಿ ಹೊತ್ತು ಬಾಹುಬಲಿಯ ದರ್ಶನ ಮಾಡಿಸುವ ವ್ಯವಸ್ಥೆ ಅಲ್ಲಿದೆ; ಅದೂ ಪುಣ್ಯದ ಕೆಲಸ. ಆದರೆ ಬೆಟ್ಟ ಹತ್ತುವುದು ಜೀವನದಲ್ಲಿ ಕೆಲವು ಸಲ, ಮನೆ ಹತ್ತಿರದ ಸಭಾಂಗಣಕ್ಕೆ ಹೋಗುವುದು ವಾರಕ್ಕೆ ಎರಡು ಸಲ. ಅಲ್ಲಿಗೆ ಯಾರೂ ಹೊರದೆ, ಯಾರನ್ನೂ ಕಾಯದೆ, ತಾನೇ ಗಾಲಿ ತಿರುಗಿಸಿಕೊಂಡು ಹೋಗಲು ಬೇಕಾದದ್ದು ಸರಿಯಾದ ಅಳತೆಯ 5.4 ಮೀಟರ್ ರ‍್ಯಾಂಪ್. ಮುಂದಿನ ಮಹಾವೀರ ಜಯಂತಿಗೆ ಗಾಲಿಕುರ್ಚಿ ವಿತರಿಸುವ ಸಂಘಟನೆಗಳು ಅದರ ಜೊತೆಗೆ ತಮ್ಮ ಭವನದ ಬಾಗಿಲಲ್ಲೂ ಒಂದನ್ನು ಕಟ್ಟಿಸಿದರೆ, ಕೊಟ್ಟ ಕುರ್ಚಿ ಬಂದು ಸೇರಲು ಒಂದು ಜಾಗವಾಗುತ್ತದೆ.